ಉಳದ ತೋಟ

ಭೂಸುಧಾರಣೆಯ ಪಾಠ ಬಂತೆಂದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೂಡಿಗೆರೆ ಕಡೆಯ ನಮ್ಮ ಹೈಸ್ಕೂಲಿಗೆ ಅರ್ಧಕ್ಕರ್ಧ ಮಕ್ಕಳು ಬರುತ್ತಿದ್ದದ್ದು ಕಾಫಿ ಎಸ್ಟೇಟಿನ ಕೂಲಿ ಲೈನುಗಳಿಂದ, ಅಂದರೆ ಕೆಲಸಗಾರರ ಸಾಲುಮನೆಗಳಿಂದ. ಆ ವರ್ಷವೂ ‘ಉಳುವವನೇ ಭೂಮಿಯ ಒಡೆಯ’ ಎಂದು ಬೋರ್ಡಿನ ಮೇಲೆ ಬರೆದೆ. ಲೈನಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಮೇಡಂ, ಕಾಫಿ ತೋಟನ ಯಾರೂ ಉಳಲ್ವಲ್ಲ. ಅದ್ಕೇ ನಮ್ಗೆ ಸಿಗ್ಲಿಲ್ವಾ?”

ಅವಳು ತಮಾಷೆ ಮಾಡುತ್ತಿರಲಿಲ್ಲ. ಕಾಫಿ ತೋಟಗಳನ್ನು ಆ ಕಾನೂನಿನಿಂದ ಹೊರಗಿಟ್ಟಿದ್ದಾರೆ ಎಂದೆ. ನಮ್ಮ ಪುಸ್ತಕದಲ್ಲಿ ಆ ಮಾತೇ ಇರಲಿಲ್ಲ.

“ಹಂಗಾದ್ರೆ ಪರೀಕ್ಷೇಲಿ ಏನ್ ಬರೀಲಿ ಮೇಡಂ?”

ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. “ಪುಸ್ತಕದಲ್ಲಿರೋದನ್ನೇ ಬರಿ,” ಎಂದು ರೇಗಿದೆ.

ಪರೀಕ್ಷೆಯಲ್ಲಿ ಅವಳು ಉಳುವವನೇ ಒಡೆಯ ಎಂದು ದುಂಡಗೆ ಬರೆದಿದ್ದಳು. ಪೂರ್ತಿ ಅಂಕ ಕೊಟ್ಟೆ. ಅವಳಿಗೆ ಕೊಡಲು ನನ್ನ ಕೈಯಲ್ಲಿದ್ದದ್ದು ಅದೊಂದೇ.