ಬನ್ನಿ ಮಾತಾಡಿ, ನಾವು ಕೇಳ್ತೀವಿ

ನಮ್ಮ ಮಾತುಗಾರಿಕೆ ಕ್ಲಬ್ಬಿನ ಬೋರ್ಡಿನ ಮೇಲೆ 'ಬನ್ನಿ ಮಾತಾಡಿ, ನಾವು ಕೇಳ್ತೀವಿ' ಎಂದು ದೊಡ್ಡ ಅಕ್ಷರದಲ್ಲಿ ಬರೆದಿದೆ. ಅದನ್ನು ಬರೆಸಿದ ಪುಣ್ಯಾತ್ಮ ಯಾರೋ ನನಗೆ ಗೊತ್ತಿಲ್ಲ. ಕೈಗೆ ಸಿಕ್ಕಿದರೆ ಕಿವಿ ಹಿಂಡುತ್ತೇನೆ. ಆ ಬೋರ್ಡನ್ನು ನಂಬಿಕೊಂಡು ಒಂದು ಸಂಜೆ ಬೀಗ ರಿಪೇರಿಯವರೊಬ್ಬರು, ನಮ್ಮ ಬಾಯಲ್ಲಿ ಬೀಗದವರು, ಮಹಡಿ ಹತ್ತಿ ಬಂದರು.

ಅವರ ಅಂಗಡಿ ಕ್ಲಬ್ಬಿನ ಎದುರಿಗೇ ಇದೆ. ಅಂಗಡಿ ಅನ್ನುವುದು ದೊಡ್ಡ ಮಾತಾಯಿತು. ಒಂದು ಕಟ್ಟಡದ ಮೆಟ್ಟಿಲ ಕೆಳಗಿನ ಗೂಡು ಅದು. ಹಲಗೆಯ ತುಂಬ ಇನ್ನೂ ಹಲ್ಲು ಕೊರೆಯದ ಕೀಲಿಕೈಗಳು, ಒಂದು ಕೊರೆಯುವ ಯಂತ್ರ, ಕಾಲು ಅಲ್ಲಾಡುವ ಒಂದು ಸ್ಟೂಲು. ಒಳಗೆ ಅವರು ಕೂತರೆ ಗಿರಾಕಿ ಹೊರಗೇ ನಿಲ್ಲಬೇಕು. ದಿನವಿಡೀ ಕೂತು ಎದುರಿನ ಬೋರ್ಡನ್ನು ಎಷ್ಟು ಸಲ ಓದಿದ್ದರೋ. ಅಂಗಿಯ ತೋಳಿಗೆಲ್ಲ ಹಿತ್ತಾಳೆ ಪುಡಿ ಅಂಟಿಸಿಕೊಂಡೇ ಬಂದಿದ್ದರು. ಬಾಗಿಲಲ್ಲಿ ನಿಂತು ನನ್ನನ್ನು ನೋಡಿ, "ನಿಜವಾಗ್ಲೂ ಕೇಳ್ತೀರಾ ಅಕ್ಕಾ?" ಎಂದರು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು, ಆದರೂ ನಾನು ಅಕ್ಕ.

"ಕೇಳದೆ ಎಲ್ಲಿಗೆ ಹೋಗ್ತೀವಿ? ಬಾಗಿಲು ಹಾಕಿರ್ತೀವಲ್ಲ" ಎಂದೆ ನಾನು.

ನಾನು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಹೊರಗಿನ ಮೇಜಿಗೆ ಕೂರುವವಳು. ಬೆಳಗ್ಗಿಂದ ಬಾಯಿ ತೆರೆಯುವವರನ್ನು ನೋಡಿ ಸಾಕಾಗಲಿಲ್ಲವೆಂದು ಸಂಜೆಯೂ ಬಾಯಿ ತೆರೆಯುವವರನ್ನು ನೋಡಲು ಹೋಗುತ್ತೀಯಲ್ಲ ಎಂದು ನನ್ನ ತಂಗಿ ಹಂಗಿಸುತ್ತಾಳೆ. ಅವಳ ಮಾತಿಗೆ ನಾನು ಸೊಪ್ಪು ಹಾಕುವುದಿಲ್ಲ. ಕ್ಲಬ್ ನಡೆಯುವುದು ಒಂದು ಟ್ಯೂಷನ್ ಕೋಣೆಯಲ್ಲಿ. ಕರಿಹಲಗೆಯ ಮೇಲೆ ಮಕ್ಕಳು ಅರ್ಧಕ್ಕೆ ಬಿಟ್ಟುಹೋದ ಲೆಕ್ಕ ಹಾಗೇ ಇರುತ್ತದೆ, ಅದರ ಮುಂದೆ ನಿಂತು ನಾವು ನಾಯಕತ್ವದ ಬಗ್ಗೆ ಮಾತಾಡುತ್ತೇವೆ. ಒಬ್ಬರು ಮಾತಾಡುವಾಗ ಉಳಿದವರಿಗೆಲ್ಲ ಒಂದೊಂದು ಕೆಲಸ ಹಂಚಿರುತ್ತದೆ. ನನ್ನದು ದೀಪ. ಗಡಿಯಾರ ನೋಡಿಕೊಂಡು ಮೊದಲು ಹಸಿರು, ಆಮೇಲೆ ಹಳದಿ, ಸಮಯ ಮುಗಿದರೆ ಕೆಂಪು ಹಾಕಬೇಕು. ಇನ್ನೊಬ್ಬರು ಭಾಷಣಕಾರರು 'ಅ...' ಎಂದೋ 'ಅಂದ್ರೆ' ಎಂದೋ ತಡವರಿಸಿದಾಗೆಲ್ಲ ಗಂಟೆ ಬಾರಿಸಬೇಕು. ಮತ್ತೊಬ್ಬರು ಕೈ ಎಲ್ಲಿದೆ, ಕಣ್ಣು ಎಲ್ಲಿದೆ ನೋಡಬೇಕು. ಕೊನೆಗೆ ವಿಮರ್ಶಕರು ಎದ್ದು ಮೊದಲು ಹೊಗಳಿ, ನಡುವೆ ತಿದ್ದಿ, ಮತ್ತೆ ಹೊಗಳಿ ಕೂರಬೇಕು. ಯಾರೇ ವೇದಿಕೆಗೆ ಹೋಗಲಿ, ಹೋಗುವಾಗಲೂ ಬರುವಾಗಲೂ ಚಪ್ಪಾಳೆ ತಟ್ಟಲೇಬೇಕು. ಇದು ನಿಯಮ.

ಬೀಗದವರ ಮೊದಲ ಭಾಷಣ ಅವರ ಕಸುಬಿನ ಮೇಲೆ. "ಯಾರಾದ್ರೂ ಕೀ ಮಾಡ್ಸೋಕೆ ಬಂದ್ರೆ ನಾನು ಮೊದಲು ಕೇಳೋದು, ಇದು ಅಸಲಾ ನಕಲಾ ಅಂತ. ನಕಲಿಂದ ನಕಲು ಮಾಡಿದ್ರೆ ಹಲ್ಲು ಒಂಚೂರು ಒಂಚೂರೇ ಆಚೀಚೆ ಆಗುತ್ತೆ. ನೋಡೋಕೆ ಹಾಗೇ ಇರುತ್ತೆ, ಬೀಗ ಮಾತ್ರ ತೆಗೆಯಲ್ಲ" ಎಂದು ಹೇಳಿ ಎಲ್ಲರನ್ನೂ ನಗಿಸಿದರು. ಚೆನ್ನಾಗಿ ಮಾತಾಡುತ್ತಾರಲ್ಲ ಈ ಮನುಷ್ಯ ಎಂದುಕೊಂಡೆವು.

ಎರಡನೇ ಭಾಷಣ ಮಗಳ ಮೇಲೆ. ಒಬ್ಬಳೇ ಮಗಳು. ಒಂದು ಬೆಳಗ್ಗೆ ಕಾಲೇಜಿಗೆಂದು ಸೈಕಲ್ ಹತ್ತಿದಳು, ತಿರುವಿನಲ್ಲಿ ವ್ಯಾನು ಬಂತು, ಅಷ್ಟೇ. ಅವಳು ಹೊರಡುವಾಗ ಇವರು ಮನೆಯಲ್ಲಿ ಯಾರದೋ ಬೀಗ ಬಿಚ್ಚಿಕೊಂಡು ಕೂತಿದ್ದರಂತೆ. ಅವಳು ಬಾಗಿಲಲ್ಲಿ ನಿಂತು ಏನೋ ಅಂದಳು, ಇವರು ತಲೆ ಎತ್ತಲಿಲ್ಲ. ಆ ಭಾಷಣಕ್ಕೆ ತಲೆಯೂ ಇರಲಿಲ್ಲ, ಬಾಲವೂ ಇರಲಿಲ್ಲ. ಸೈಕಲ್ಲಿನಿಂದ ಅವಳ ಬಾಲ್ಯಕ್ಕೆ ಹೋದರು, ಅಲ್ಲಿಂದ ಅವಳ ಚಪ್ಪಲಿಗೆ ಬಂದರು. ಗಂಟೆ ಹೊಡೆದೂ ಹೊಡೆದೂ ನಮ್ಮ ಗಂಟೆಯವರ ಕೈ ಸೋತಿತು. ನಾನು ಕೆಂಪು ದೀಪ ಹಾಕಿ, ಆರಿಸಿ, ಮತ್ತೆ ಹಾಕಿದೆ. ಅವರಿಗೆ ಕಾಣಲೇ ಇಲ್ಲ. ಕೊನೆಗೆ ಮಗಳು ಬಾಗಿಲಲ್ಲಿ ಅಂದ ಮಾತನ್ನು ಹೇಳಿದಾಗ ನಾವೆಲ್ಲ ಸಣ್ಣಗೆ ನಕ್ಕೆವು. ಅವರೂ ನಕ್ಕರು. ಆಮೇಲೆ ಕಣ್ಣೊರೆಸಿಕೊಂಡರು.

ಟೀ ಹೊತ್ತಿನಲ್ಲಿ ನನ್ನ ಪಕ್ಕ ಬಂದು ಕೂತರು. "ಇಷ್ಟು ದಿನಕ್ಕೆ ಇವತ್ತು ಎದೆ ಹಗುರಾಯ್ತು ಅಕ್ಕಾ. ಮನೇಲಿ ಅವಳ ಸುದ್ದಿ ಎತ್ತೋ ಹಾಗಿಲ್ಲ. ನನ್ನ ಹೆಂಡ್ತಿ ಅವತ್ತೇ ಬಾಯಿ ಮುಚ್ಚಿದವಳು ಇನ್ನೂ ತೆಗ್ದಿಲ್ಲ. ಅವಳ ಸಂಕಟ ಅವಳಿಗೆ, ನಾನು ತಪ್ಪು ಅನ್ನಲ್ಲ. ಆದ್ರೆ ಯಾರ ಹತ್ರಾನೂ ಹೇಳ್ದೇ ಇದ್ರೆ ಮಗಳು ನನ್ನ ಕೈತಪ್ಪಿ ಹೋಗ್ತಾಳೇನೋ ಅಂತ ಭಯ ಆಗುತ್ತೆ. ಮುಖ ಆದ್ರೆ ಫೋಟೋದಲ್ಲಿದೆ. ಅವಳು ಮಾತಾಡ್ತಿದ್ದಿದ್ದು ಎಲ್ಲಿದೆ ಹೇಳಿ? ನನ್ನ ಕಿವೀಲಿ ತಾನೇ?"

ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಮಗಳ ದನಿ ಕಿವಿಯಲ್ಲಿ ಉಳಿಯಬೇಕು. ಅದಕ್ಕೆ ಯಾರಾದರೂ ಕೇಳಬೇಕು.

ಅವತ್ತಿನ ವಿಮರ್ಶಕರು ಕಂಚು. ವಿಮಾ ಕಂಪನಿಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಕಂಚಿನ ಕಂಠವಾದ್ದರಿಂದ ಬೆನ್ನ ಹಿಂದೆ ನಾವಿಟ್ಟ ಹೆಸರು ಅದು. ಕೆಟ್ಟ ಮನುಷ್ಯರೇನಲ್ಲ. ಕೆಟ್ಟವರಾಗಿದ್ದರೆ ಬೈದು ಕೈತೊಳೆದುಕೊಳ್ಳಬಹುದಿತ್ತು. "ವಸ್ತು ಅದ್ಭುತ. ಜೋಡಣೆ ಸಡಿಲ. ಮುಕ್ತಾಯ ಸಪ್ಪೆ. ಆದ್ರೆ ಇದನ್ನ ತಿದ್ದಿದ್ರೆ ಸಮ್ಮೇಳನದ ಸ್ಪರ್ಧೆಗೆ ಹೋಗೋ ಭಾಷಣ ಇದು!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಬೀಗದವರ ಮುಖ ಅರಳಿತು. ಸಮ್ಮೇಳನ ಎಂದರೆ ಸಾವಿರ ಜನ ಕೇಳುತ್ತಾರೆ. ಸಾವಿರ ಕಿವಿಯಲ್ಲಿ ಮಗಳು ಉಳಿಯುತ್ತಾಳೆ.

ತರಬೇತಿ ಶುರುವಾಯಿತು. ವಾರಕ್ಕೊಮ್ಮೆ ಕಂಚು ಅಂಗಡಿಯ ಮುಂದೆ ನಿಂತು ಹೇಳಿಕೊಡುವುದು, ಇವರು ಗೂಡಿನೊಳಗಿಂದ ಒಪ್ಪಿಸುವುದು. ನಾನು ಕ್ಲಿನಿಕ್ಕಿನಿಂದ ಬರುವಾಗ ಇದೆಲ್ಲ ಕಣ್ಣಿಗೆ ಬೀಳುತ್ತಿತ್ತು. ಬಾಲ್ಯ ಹೋಯಿತು. ಚಪ್ಪಲಿಯೂ ಹೋಯಿತು. 'ವ್ಯಾನು' ಎಂಬಲ್ಲಿ ನಿಲ್ಲಬೇಕು, ಮನಸ್ಸಲ್ಲೇ ಮೂರರವರೆಗೆ ಎಣಿಸಬೇಕು. 'ಮಗಳು' ಎಂಬಲ್ಲಿ ಬಲಗೈ ಎದೆಯ ಮೇಲೆ ಬರಬೇಕು. ಕೊನೆಗೆ ಉಳಿದದ್ದು ಬಾಗಿಲಲ್ಲಿ ಅವಳು ಅಂದ ಮಾತು.

"ಅಲ್ಲಿ ಸಭೆ ನಗಬಾರದು. ಅಳಬೇಕು. ನೀವು ಬೀಗದವರು ಅನ್ನೋದನ್ನ ಬಳಸ್ಕೊಳ್ಳಿ. 'ಅಪ್ಪಾ, ಬಾಗಿಲು ಹಾಕಬೇಡ, ನಾನು ಬೇಗ ಬರ್ತೀನಿ' ಅಂತ ಅವಳು ಅಂದ್ರೆ ಹೇಗಿರುತ್ತೆ?" ಎಂದರು ಕಂಚು.

"ಅವಳು ಹಾಗೆ ಅನ್ಲಿಲ್ಲ ಸಾರ್."

"ಅನ್ನಬಹುದಿತ್ತಲ್ವಾ?"

ಬೀಗದವರು ಕೈಯಲ್ಲಿದ್ದ ಕೀಲಿಕೈಯನ್ನು ಸುಮ್ಮನೆ ಉಜ್ಜುತ್ತ ಕೂತರು. ಅನ್ನಬಹುದಿತ್ತು, ನಿಜ. ಮಗಳು ಕೊನೆಯದಾಗಿ ತನ್ನೊಡನೆ ಅಷ್ಟು ಮುದ್ದಾಗಿ ಮಾತಾಡಿ ಹೋದಳು ಎಂದುಕೊಳ್ಳಲು ಯಾವ ತಂದೆಗೆ ಆಸೆಯಿಲ್ಲ?

ಕ್ಲಬ್ ಮಟ್ಟದಲ್ಲಿ ಗೆದ್ದರು. ವಲಯ ಮಟ್ಟದಲ್ಲಿ ಗೆದ್ದರು. ಒಂದೊಂದು ಸಲಕ್ಕೂ ಗಂಟೆ ಕಡಿಮೆಯಾಗುತ್ತ ಬಂದು ಕೊನೆಗೆ ನಿಂತೇಹೋಯಿತು. ಹಳದಿ ದೀಪಕ್ಕೆ ಸರಿಯಾಗಿ ಭಾಷಣ ಮುಗಿಯುತ್ತಿತ್ತು, ನನಗೆ ಕೆಂಪು ಗುಂಡಿ ಮುಟ್ಟುವ ಕೆಲಸವೇ ಬೀಳುತ್ತಿರಲಿಲ್ಲ. ಕೇಳಿದವರು ಅಳುತ್ತಿದ್ದರು, ಕೈಕುಲುಕುತ್ತಿದ್ದರು. ಬೀಗದವರು ಮಾತ್ರ ಈಗ ಕಣ್ಣೊರೆಸಿಕೊಳ್ಳುತ್ತಿರಲಿಲ್ಲ. ಇಳಿದು ಬಂದು, "ವ್ಯಾನಿನ ಹತ್ರ ನಿಲ್ಲಿಸಿದ್ದು ಸರಿಯಾಯ್ತಾ ಅಕ್ಕಾ?" ಎಂದು ಕೇಳುತ್ತಿದ್ದರು. ಸರಿಯಾಯಿತು ಎಂದೇ ಹೇಳುತ್ತಿದ್ದೆ, ಯಾಕೆಂದರೆ ನಿಜವಾಗಿ ಸರಿಯಾಗಿಯೇ ಇರುತ್ತಿತ್ತು.

ಸಮ್ಮೇಳನ ದೊಡ್ಡ ಹೋಟೆಲಿನಲ್ಲಿ. ಕಾಲಿಟ್ಟರೆ ಹೂತುಹೋಗುವ ರತ್ನಗಂಬಳಿ, ಎಲ್ಲರ ಕೊರಳಲ್ಲೂ ಹೆಸರು ಬರೆದ ಪಟ್ಟಿ, ಒಬ್ಬರಿಗೊಬ್ಬರು ಹಲ್ಲು ಕಿರಿದುಕೊಂಡು ಓಡಾಡುವ ಜನ. ಹಲ್ಲಿನ ವಿಷಯ ಬಲ್ಲವಳಾಗಿ ಹೇಳುತ್ತೇನೆ, ಅಷ್ಟು ಹಲ್ಲು ನಮ್ಮ ಕ್ಲಿನಿಕ್ಕಿನಲ್ಲೂ ನಾನು ನೋಡಿಲ್ಲ. ಮನೆಯವರು ಜೊತೆಗಿದ್ದರೆ ಫೋಟೋಕ್ಕೆ ಚೆಂದ ಎಂದು ಕಂಚು ಹಠ ಹಿಡಿದಿದ್ದರಿಂದ ಬೀಗದವರ ಹೆಂಡತಿಯೂ ಬಂದಿದ್ದರು. ಆಸ್ಪತ್ರೆಯ ಬಟ್ಟೆ ವಿಭಾಗದಲ್ಲಿ ಹಾಸಿಗೆಯ ಹೊದಿಕೆ ಮಡಿಸುವ ಕೆಲಸ ಅವರದು. ನನ್ನ ಪಕ್ಕವೇ ಕೂತರು. ಗಂಡ ಏನು ಮಾತಾಡುತ್ತಾರೆಂದು ಅವರಿಗೆ ಗೊತ್ತಿರಲಿಲ್ಲ. "ಏನೋ ಬೀಗದ ವಿಷಯ ಅಂದಿದ್ರು" ಎಂದರು.

ಬೀಗದವರು ಮಾತಾಡಿದರು. ವ್ಯಾನಿನ ಹತ್ತಿರ ನಿಂತರು. ಕೈ ಎದೆಯ ಮೇಲೆ ಬಂತು. "ಅಪ್ಪಾ, ಬಾಗಿಲು ಹಾಕಬೇಡ, ನಾನು ಬೇಗ ಬರ್ತೀನಿ." ಸಭಾಂಗಣದ ತುಂಬ ಮೂಗು ಸೀಟುವ ಸದ್ದು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎದ್ದು ನಿಲ್ಲದವರು ಒಬ್ಬರೇ. ನನ್ನ ಪಕ್ಕದಲ್ಲಿ ಆಕೆ ತೊಡೆಯ ಮೇಲೆ ಕೈಯಿಟ್ಟುಕೊಂಡು, ಬೇರೆ ಯಾರದೋ ಮನೆಗೆ ತಪ್ಪಿ ಬಂದವರ ಹಾಗೆ ಕೂತಿದ್ದರು.

ಮೊದಲ ಬಹುಮಾನ ಬಂತು. ಹೊರಗೆ ಟೀ ಮೇಜಿನ ಹತ್ತಿರ, ಬಹುಮಾನದ ಫಲಕ ಕಂಕುಳಲ್ಲಿಟ್ಟುಕೊಂಡು ಬೀಗದವರು ಹೆಂಡತಿಯ ಎದುರು ಬಂದು ನಿಂತರು. ಎರಡು ಹೆಜ್ಜೆ ಆಚೆ ನಾನಿದ್ದೆ.

"ಅವಳು ಹಾಗೆ ಅನ್ಲೇ ಇಲ್ಲ" ಎಂದರು ಆಕೆ.

"ಗೊತ್ತು ಕಣೇ. ಅದು ಭಾಷಣಕ್ಕೆ ಅಂತ ಸ್ವಲ್ಪ..."

"ಹಾಗಾದ್ರೆ ಏನಂದ್ಲು? ಹೇಳಿ ನೋಡೋಣ."

ಬೀಗದವರು ಬಾಯಿ ತೆರೆದರು. ತೆರೆದ ಬಾಯಿ ಹಾಗೇ ಇತ್ತು. "ಇತ್ತು... ನಾಲಿಗೆ ತುದೀಲೇ ಇದೆ. ಹುಡುಕೋಕೆ ಹೋದ್ರೆ ಇದೇ ಎದುರಿಗೆ ಬಂದು ನಿಲ್ಲುತ್ತೆ" ಎಂದರು. ಆಮೇಲೆ ಫಲಕವನ್ನು ಕೆಳಗಿಟ್ಟು, "ಅವತ್ತು ನೀನೂ ಮನೇಲೇ ಇದ್ದೆ, ನಿನಗೆ ನೆನಪಿದೆಯಲ್ಲ. ಅಸಲು ನಿನ್ನ ಹತ್ರ ಇದೆ. ಒಂದ್ಸಲ ಹೇಳು, ಒಂದೇ ಒಂದ್ಸಲ" ಎಂದು ಕೈ ಹಿಡಿದುಕೊಂಡರು.

ಆಕೆ ಕೈ ಬಿಡಿಸಿಕೊಂಡರು. ದನಿ ಏರಿಸಲಿಲ್ಲ. "ಅವತ್ತು ಅವಳಿಗೆ ನಿಮ್ಮ ಮೇಲೆ ಸಿಟ್ಟು ಬಂದಿತ್ತು. ಸಿಟ್ಟಲ್ಲಿ ಅಂದಿದ್ರೂ ಅದು ಅವಳ ಮಾತು. ನೀವು ಅವಳನ್ನ ಆಚೆ ಕಳ್ಸಿ, ಯಾರದೋ ಮಗಳನ್ನ ಕರ್ಕೊಂಡು ಬಂದು ಬಾಗಿಲಲ್ಲಿ ನಿಲ್ಸಿದ್ರಿ. ನಾನು ದಿನಾ ಬಟ್ಟೆ ಮಡಿಸ್ತಾ ಅದನ್ನ ಮನಸ್ಸಲ್ಲೇ ಹೇಳ್ಕೊತೀನಿ. ಬಾಯ್ಬಿಟ್ರೆ ಕೆಟ್ಟು ಹೋಗುತ್ತೆ ಅಂತಾನೇ ಇಷ್ಟು ದಿನ ಸುಮ್ನಿದ್ದೆ. ಈಗ ನಿಮಗೆ ಕೊಟ್ರೆ ಇದನ್ನೂ ತಗೊಂಡು ಹೋಗಿ ಅಲ್ಲಿ ನಿಂತು ಹೇಳ್ತೀರಿ."

"ಇಲ್ಲ ಕಣೇ, ಆಣೆಗೂ..."

"ಇದೊಂದು ನನಗಿರ್ಲಿ" ಎಂದು ಆಕೆ ಹೊರಟೇಹೋದರು. ಅಷ್ಟರಲ್ಲಿ ಫೋಟೋದವನು ಬಂದು ಬೀಗದವರನ್ನು ಎಳೆದುಕೊಂಡು ಹೋದ.

ಮುಂದಿನ ವಾರ ಕ್ಲಬ್ಬಿಗೆ ಅವರು ಎಲ್ಲರಿಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದರು. ಒಳಗೆ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಹಿಡಿದು ಕೇಳಿದರು: "ನಾನು ಮೊದಲ್ನೇ ಸಲ ಮಗಳ ವಿಷಯ ಮಾತಾಡಿದ್ನಲ್ಲ, ಅವತ್ತು ಅವಳ ಮಾತು ಅಂತ ಕೊನೇಲಿ ಏನು ಹೇಳ್ದೆ?"

ಗಂಟೆಯವರು ತಲೆ ಕೆರೆದುಕೊಂಡರು. "ಅವತ್ತು ನೀವು ತುಂಬಾ ತಡವರಿಸಿದ್ರಿ, ಅದು ಚೆನ್ನಾಗಿ ನೆನಪಿದೆ" ಎಂದರು. ಕೈ ಕಣ್ಣು ನೋಡುವವರಿಗೆ, ಎರಡೂ ಕೈಯಲ್ಲಿ ಮೇಜು ಹಿಡಿದುಕೊಂಡಿದ್ದದ್ದು ನೆನಪಿತ್ತು. ಕಂಚುವಿಗೆ ಮುಕ್ತಾಯ ಸಪ್ಪೆಯಾಗಿತ್ತು ಎಂದು ನೆನಪಿತ್ತು. "ಅದ್ಯಾಕೀಗ? ಹೊಸದು ಎಷ್ಟು ಚೆನ್ನಾಗಿದೆ" ಎಂದರು.

ಕೊನೆಗೆ ನನ್ನ ಹತ್ತಿರ ಬಂದರು. "ನೀವು ಮುಂದೇನೇ ಕೂತಿದ್ರಲ್ಲ ಅಕ್ಕಾ."

ಮುಂದೆಯೇ ಕೂತಿದ್ದೆ. ಗಡಿಯಾರ ನೋಡುತ್ತ ಕೂತಿದ್ದೆ. ಎಷ್ಟು ತಡಕಾಡಿದರೂ ನನಗೆ ಸಿಕ್ಕಿದ್ದು ಒಂದೇ. "ನಾವು ನಕ್ಕಿದ್ವಿ. ಅವಳ ಮಾತಿಗೆ ನಾವೆಲ್ಲ ನಕ್ಕಿದ್ವಿ" ಎಂದೆ.

"ಹೌದಾ? ನಗೋ ಹಾಗಿತ್ತಾ?" ಎಂದು ಆಸೆಯಿಂದ ನನ್ನ ಮುಖವನ್ನೇ ನೋಡಿದರು. ಇನ್ನೇನಾದರೂ ಬರುತ್ತದೆಂದು ಕಾದರು. ನನ್ನ ಹತ್ತಿರ ಇನ್ನೇನೂ ಇರಲಿಲ್ಲ. ಆ ಕ್ಷಣ ನನಗೆ ನಮ್ಮೆಲ್ಲರ ಮೇಲೂ ಹೇಸಿಗೆಯಾಯಿತು. ಕೋಣೆ ತುಂಬ ಕಿವಿ ತೆರೆದುಕೊಂಡು ಕೂತಿದ್ದೆವು, ಒಬ್ಬರೂ ಕೇಳಿರಲಿಲ್ಲ.

ಸಭೆ ಶುರುವಾಯಿತು. ಗೆದ್ದವರಿಗೆ ಇನ್ನೂ ದೊಡ್ಡ ಸಮ್ಮೇಳನ ಮುಂದಿತ್ತಲ್ಲ, ಅಭ್ಯಾಸಕ್ಕೆಂದು ಅಧ್ಯಕ್ಷರು ಮೊದಲು ಅವರನ್ನೇ ಕರೆದರು. ಚಪ್ಪಾಳೆ ತಟ್ಟಿದೆವು. ಅವರು ಎಂದಿನಂತೆ ಮಾತಾಡುತ್ತ ಹೋದರು. ವ್ಯಾನಿನ ಹತ್ತಿರ ನಿಂತು ಮುಂದೆ ಹೋದರು. "ಅವತ್ತು ಬೆಳಗ್ಗೆ ಬಾಗಿಲಲ್ಲಿ ನಿಂತು ನನ್ನ ಮಗಳು ಅಂದ್ಲು..." ಎಂದವರು ಅಲ್ಲೇ ನಿಂತುಬಿಟ್ಟರು.

ತುಟಿ ಅಲ್ಲಾಡುತ್ತಿತ್ತು. ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು, ಯಾರ ಮುಖದಲ್ಲಾದರೂ ಅದು ಇದೆಯೇನೋ ಎಂಬಂತೆ. ಹಳದಿ ಹಾಕಿದೆ. ಕೆಂಪು ಹಾಕಲು ಕೈ ಬರಲಿಲ್ಲ. ಆ ಮಾತು ಬರಲಿ ದೇವರೇ, ಒಂದು ಸಲ ಬಂದುಬಿಡಲಿ ಎಂದು ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ.

ಬರಲಿಲ್ಲ. ಅವರ ಬಲಗೈ ಮೆಲ್ಲಗೆ ಎದೆಯ ಮೇಲೆ ಬಂತು. ದನಿ ತಗ್ಗಿತು. "ಅಪ್ಪಾ, ಬಾಗಿಲು ಹಾಕಬೇಡ, ನಾನು ಬೇಗ ಬರ್ತೀನಿ" ಎಂದರು.

ಕಂಚು ಕುರ್ಚಿಯಿಂದ ನೆಗೆದೆದ್ದರು. "ನೋಡಿದ್ರಾ ಆ ನಿಲುಗಡೆ! ಇಷ್ಟು ವರ್ಷದಲ್ಲಿ ಈ ಕ್ಲಬ್ಬಲ್ಲಿ ಇಂಥದ್ದು ನಾನು ಕಂಡಿಲ್ಲ. ಇದನ್ನ ಹೀಗೇ ಇಟ್ಕೊಳ್ಳಿ, ಒಂಚೂರೂ ಬದಲಾಯಿಸಬೇಡಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಬೀಗದವರು ಮೇಜು ಹಿಡಿದುಕೊಂಡು ನಿಂತೇ ಇದ್ದರು. ಆಮೇಲೆ ತಲೆಯಾಡಿಸಿ, "ಆಯ್ತು ಸಾರ್, ಹೀಗೇ ಇಟ್ಕೊತೀನಿ" ಎಂದರು.