ಕಲ್ಲಿಗೆ ಬೆಳಕು ಹಿಡಿಯುವ ಕನ್ನಡಿಯಕ್ಕ

ಬೆಳಗಿನ ಬಿಸಿಲು ಇನ್ನೂ ನೆಲಕ್ಕೆ ಒರಗಿಕೊಂಡೇ ಇದೆ. ಸ್ಮಶಾನದ ಮೂಲೆಯಲ್ಲಿ ಹೆಂಗಸೊಬ್ಬರು ಒದ್ದೆ ಹುಲ್ಲಿನ ಮೇಲೆ ಬೋರಲಾಗಿ ಮಲಗಿ, ಗಂಡ ಗಡ್ಡ ಹೆರೆಯುವ ಕನ್ನಡಿಯನ್ನು ಓರೆಯಾಗಿ ಹಿಡಿದಿದ್ದಾರೆ. ಬೆಳಕಿನ ಕೋಲು ಸವೆದ ಕಲ್ಲಿನ ಮೈಮೇಲೆ ಅಡ್ಡಡ್ಡ ಹಾಯುತ್ತಲೇ, ಬರೀ ಪಾಚಿ ಅನ್ನಿಸಿದ್ದ ಕಡೆ ಅಕ್ಷರಗಳು ನೆರಳು ಬಿಟ್ಟು ಎದ್ದು ಕೂರುತ್ತವೆ. "ನೆತ್ತಿ ಮೇಲೆ ಬಿಸಿಲು ಬಂತೋ, ಕಲ್ಲು ಬಾಯಿ ಮುಚ್ಕೊಳ್ಳತ್ತೆ" ಎನ್ನುತ್ತಾರೆ ಕನ್ನಡಿಯಕ್ಕ. ಇವರು ವಂಶಾವಳಿ ಸಂಘದ ಪರಿಶೀಲಕಿ. ಜನ ತಂದುಕೊಡುವ ವಂಶವೃಕ್ಷದಲ್ಲಿ ಯಾವ ಕೊಂಬೆ ಚಿಗುರಿದ್ದು, ಯಾವುದು ಅಂಟಿಸಿದ್ದು ಎಂದು ನೋಡುವುದು ಇವರ ಕೆಲಸ.

ಅಂಟಿಸಿದ್ದೇ ಹೆಚ್ಚು. ಸಂಘದ ನೆಲಮಾಳಿಗೆಯಲ್ಲಿ ಕಿಟಕಿಯಿಲ್ಲದ ಕೋಣೆ ಇವರದು. ಅಲ್ಲಿಗೆ ಬರುವವರ ದನಿಯನ್ನು ಹಾಗೇ ಅಣಕಿಸಿ ತೋರಿಸುತ್ತಾರೆ. ಗಂಟಲು ದಪ್ಪ ಮಾಡಿ, "ನೋಡಿಮ್ಮಾ, ನಮ್ಮ ಮುತ್ತಜ್ಜ ಸೇನಾಪತಿ. ಸ್ವಲ್ಪ ಹುಡುಕಿ!" ಆಮೇಲೆ ತಮ್ಮದೇ ದನಿ: "ಹುಡುಕಿದ್ರೆ, ಕುದುರೆಗೆ ಲಾಳ ಹೊಡೀತಿದ್ದೋನು. ಎಲ್ರಿಗೂ ಸೇನಾಪತಿನೇ ಬೇಕು. ಹಾಗಾದ್ರೆ ಯುದ್ಧ ಮಾಡಿದ್ದು ಯಾರು?" ನಗು ಮುಗಿಯುವ ಮೊದಲೇ ಕೆಮ್ಮು. ಹಳೆ ಕಾಗದದ ಧೂಳು ಎದೆಯಲ್ಲಿ ಬಿಡಾರ ಹೂಡಿದೆ, ಮಂಡಿಗಳು ಮುಷ್ಕರ ಹೂಡಿವೆ. ಗಂಡನ ದೂರು ಬೇರೆ: "ಬದುಕಿರೋರು ಕರೆದ್ರೆ ಓಗೊಡಲ್ಲ. ಸತ್ತೋರು ಅಂದ್ರೆ ಬೆಳಗಾಗೋ ಮೊದ್ಲೇ ಹಾಜರ್."

ಈಗ ಕೈಯಲ್ಲಿರುವುದು ನಿವೃತ್ತ ಟೆಲಿಫೋನ್ ಆಪರೇಟರ್ ಅಜ್ಜಿಯೊಬ್ಬರ ವಂಶಾವಳಿ. ಮದುವೆಯಾಗಿಲ್ಲ, ಒಡಹುಟ್ಟಿದವರಿಲ್ಲ. ಸಂಘ ಅಚ್ಚು ಹಾಕಿಸುತ್ತಿರುವ ಸಂಪುಟದಲ್ಲಿ ಅಪ್ಪನ ಕೆಳಗೆ ತನ್ನ ಹೆಸರು ನೋಡಿ ಕಣ್ಣು ಮುಚ್ಚಬೇಕು, ಅಷ್ಟೇ ಆಸೆ. ಜನನಪತ್ರ ಕೊಟ್ಟಿದ್ದಾರೆ. ಉಳಿದದ್ದು ಅಪ್ಪನ ಸಮಾಧಿ ನೋಡಿ ಬರುವುದೊಂದೇ.

ಆದರೆ ಅಪ್ಪನ ಕಲ್ಲಿನ ಪಕ್ಕ, ಮಣ್ಣಲ್ಲಿ ಅರ್ಧ ಹೂತ ಪುಟ್ಟ ಕಲ್ಲೊಂದು ಇವತ್ತು ಕನ್ನಡಿಗೆ ಸಿಕ್ಕಿದೆ. ಅದರ ಮೇಲೆ ಅಜ್ಜಿಯದೇ ಹೆಸರು. ಅಜ್ಜಿಯದೇ ಹುಟ್ಟಿದ ದಿನ. ಅದರ ಕೆಳಗೆ, ಎರಡು ವರ್ಷ ತುಂಬುವ ಮೊದಲೇ ಸತ್ತ ದಿನ.

ಕನ್ನಡಿಯಕ್ಕ ಎದ್ದು ಕೂರುತ್ತಾರೆ. ಕಲ್ಲಿನ ಬುಡದ ಮಣ್ಣು ಕೆರೆದು ತಾರೀಕು ಇನ್ನೊಮ್ಮೆ ಓದುತ್ತಾರೆ. "ಮಗು ಹೋದ್ರೆ, ಮುಂದಿನ ಮಗುಗೆ ಅದೇ ಹೆಸರಿಡ್ತಿದ್ರು ಕೆಲವರು. ಹೊಸ ಕಾಗದ ಮಾಡಿಸ್ತಿರ್ಲಿಲ್ಲ. ಹಳೇದೇ ನಡೀತಿತ್ತು." ಅಂದರೆ ಆ ಜನನಪತ್ರ ಅಜ್ಜಿಗೆ ಗೊತ್ತೇ ಇರದ ಅಕ್ಕನದು. ಅದನ್ನು ತೋರಿಸಿಯೇ ಅಜ್ಜಿ ಶಾಲೆಗೆ ಸೇರಿದ್ದು, ಕೆಲಸಕ್ಕೆ ಸೇರಿದ್ದು. "ಒಂದೇ ಕಾಗದದಿಂದ ಹುಟ್ಟಿದ ನೂರು ದಾಖಲೆನೂ ನಮ್ಮಲ್ಲಿ ಒಂದೇ ದಾಖಲೆ." ವಂಶವೃಕ್ಷದಲ್ಲಿ ಆಧಾರವಿದ್ದವರಿಗೆ ಗಟ್ಟಿ ಗೆರೆ; ಸ್ವಂತ ಆಧಾರವಿಲ್ಲದವರನ್ನು ಸಂಘ ಚುಕ್ಕಿಗೆರೆಯಲ್ಲಿ ಜೋಡಿಸುತ್ತದೆ. ಇದ್ದರೂ ಇರಬಹುದು ಎಂದು ಅದರರ್ಥ.

ಕಲ್ಲಿನ ಮೇಲೆ ಮತ್ತೆ ಮಣ್ಣೆಳೆದರೆ ಕೇಳುವವರಿಲ್ಲ. ಎಳೆಯುವುದಿಲ್ಲ. ಮಧ್ಯಾಹ್ನವೇ ಅಜ್ಜಿಯ ಬಾಗಿಲು ತಟ್ಟುತ್ತಾರೆ.

ಅಜ್ಜಿ ಪೂರ್ತಿ ಕೇಳಿಸಿಕೊಳ್ಳುವಷ್ಟರಲ್ಲಿ ಚಹಾ ಆರಿಹೋಗಿದೆ. "ಅಂದ್ರೆ ಇಷ್ಟು ವರ್ಷ ನಾನು ತಿಂದಿದ್ದು ಅವಳ ಹುಟ್ಟುಹಬ್ಬದ ಕೇಕಾ?"

"ಹೌದಮ್ಮ."

"ನಂದು ಚುಕ್ಕಿಗೆರೆ?"

"ಹೂಂ."

"ಲೈನು ಕಟ್ಟಾಗಿ ಕಟ್ಟಾಗಿ ಬರ್ತಿದೆ ಅನ್ನು!" ಆಪರೇಟರ್ ದನಿ ತೆಗೆದು ಅಜ್ಜಿ ನಗುತ್ತಾರೆ. ನಗು ಅರ್ಧಕ್ಕೇ ನಿಲ್ಲುತ್ತದೆ. "ಅಮ್ಮ ಒಂದಿನಾನೂ ನನ್ನ ಹೆಸರು ಹಿಡಿದು ಕರೀಲಿಲ್ಲ ಕಣೇ. ಬರೀ 'ಏ ಇವಳೇ' ಅಂತಿದ್ಲು. ನನ್ನ ಕಂಡ್ರೆ ಆಗಲ್ಲ ಅವಳಿಗೆ, ಅಂದ್ಕೊಂಡೇ ಬೆಳೆದೆ."

ಕನ್ನಡಿಯಕ್ಕ ಅವರ ಕೈ ಹಿಡಿದುಕೊಳ್ಳುತ್ತಾರೆ.

ಸಂಜೆ ನೆಲಮಾಳಿಗೆಯಲ್ಲಿ ಹಾಳೆ ಹಾಸಿಕೊಂಡು ಕೂರುತ್ತಾರೆ. ಸತ್ತ ಮಗುವಿಗೆ ಗಟ್ಟಿ ಗೆರೆ ಎಳೆದಾಯಿತು. ಬದುಕಿರುವ ಅಜ್ಜಿಯ ಸರದಿ ಬಂದಾಗ ಪೆನ್ನು ನಿಲ್ಲುತ್ತದೆ. "ಕೊಡಿ ಅಕ್ಕ, ಕಂಪ್ಯೂಟರಲ್ಲಿ ಹಾಕಿಬಿಡ್ತೀನಿ" ಎಂದು ಗುಮಾಸ್ತ ಕೈ ಚಾಚುತ್ತಾನೆ.

"ಬೇಡಪ್ಪ. ಅದು ಚುಕ್ಕಿಗಳನ್ನ ದೂರ ದೂರ ಹಾಕತ್ತೆ. ಇದನ್ನ ನಾನೇ ಒತ್ತೊತ್ತಾಗಿ ಇಡ್ತೀನಿ."