ನಮ್ಮ ಬೆಂಚಿಗೆ ಬಂದ ಸರ್

ಸರ್ ಅವರ ಬಲಗೈ ತೋರುಬೆರಳಿನ ಉಗುರಲ್ಲಿ ಯಾವಾಗಲೂ ಸೀಮೆಸುಣ್ಣದ ಬಿಳಿ ಇರುತ್ತಿತ್ತು. ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಚಿತ್ತಾಪುರದ ದೂರಶಿಕ್ಷಣ ಕೇಂದ್ರದಲ್ಲಿ ಭಾನುವಾರ ಅವರು ನಮಗೆ ಇತಿಹಾಸ ಹೇಳುತ್ತಿದ್ದರು. ನಾನು ದಂಡೋತಿಯಿಂದ ಬರುತ್ತಿದ್ದೆ. ಎರಡು ಮಕ್ಕಳಾದ ಮೇಲೆ ಬಿ.ಎ. ಕಟ್ಟಿದ್ದೆ. ಪುಸ್ತಕ ಓದಿದರೆ ತಲೆಗೆ ಹೋಗುತ್ತಿರಲಿಲ್ಲ. ಸರ್ ಹೇಳಿದ್ದು ಮಾತ್ರ ರೊಟ್ಟಿ ಬಡಿಯುವಾಗಲೂ ನೆನಪಿರುತ್ತಿತ್ತು.

ನಮ್ಮ ಕಡೆ ಇಂಟರ್ನೆಟ್ ಅಂಗಡಿಗಳು ಆಗತಾನೇ ಬಂದಿದ್ದವು. ನನ್ನ ಎರಡನೆಯ ವರ್ಷದಲ್ಲಿ ಹೊಸ ಹುಕುಂ ಬಂತು. ಕೇಂದ್ರದಲ್ಲಿ ಪಾಠ ಹೇಳುವವರು ಆನ್‌ಲೈನ್ ತರಬೇತಿ ಮುಗಿಸಿ, ಆನ್‌ಲೈನಿನಲ್ಲೇ ಪರೀಕ್ಷೆ ಬರೆದು ಪಾಸಾಗಬೇಕು. ಇಲ್ಲವಾದರೆ ಪಾಠ ಹೇಳುವಂತಿಲ್ಲ. ಸರ್ ಅದುವರೆಗೆ ಕಂಪ್ಯೂಟರ್ ಮುಟ್ಟಿದವರಲ್ಲ.

ಪರೀಕ್ಷೆಯ ದಿನ ಸರ್ ಬರೆಯಲು ಕೂತಿದ್ದ ಇಂಟರ್ನೆಟ್ ಅಂಗಡಿಗೇ ನಾನು ಝೆರಾಕ್ಸ್ ಮಾಡಿಸಲು ಹೋಗಿದ್ದೆ. ಅಂಗಡಿಯವನು ಸರ್ ಪಕ್ಕಕ್ಕೆ ಕುರ್ಚಿ ಎಳೆದುಕೊಂಡ.

“ಸರ್, ನೀವು ಆರಾಮ್ ಛಾ ಕುಡೀರಿ. ಉತ್ತರ ನಾ ಒತ್ತತೀನಿ. ಎಲ್ಲಾ ಸರ್‌ಗೋಳ್ದೂ ನಾನೇ ಒತ್ತೀನ್ರಿ.”

“ಹಂಗಾದ್ರ ಭಾನುವಾರ ಕ್ಲಾಸಿಗೂ ನೀನೇ ಬಾರಪಾ,” ಅಂದರು ಸರ್.

ನನಗೆ ನಗು ಬರಲಿಲ್ಲ. “ಸರ್, ಇದೊಂದ್ ಸಲ ಹೂಂ ಅನ್ರಿ. ನೀವು ಫೇಲಾದ್ರ ನಮಗ್ಯಾರು ಕಲಿಸ್ತಾರ್ರಿ?”

ಅವರು ಪರದೆಯಿಂದ ಕಣ್ಣು ತೆಗೆಯಲಿಲ್ಲ. “ತಂಗಿ, ನಾಳಿಗಿ ನಿಮ್ಮ ಪೇಪರ್ ನಾ ನೋಡಬೇಕಲಾ. ಯಾವ ಮಾರಿ ಇಟ್ಕೊಂಡು ನೋಡ್ಲಿ?”

ಗುಂಡಿ ಹುಡುಕಿ ಹುಡುಕಿ ಒಂದೊಂದೇ ಉತ್ತರ ಒತ್ತಿದರು. ಸಮಯ ಮುಗಿದಾಗ ಅರ್ಧ ಪ್ರಶ್ನೆಗಳು ಹಾಗೇ ಉಳಿದಿದ್ದವು. ಫೇಲಾದರು.

ಮುಂದಿನ ಭಾನುವಾರ ಪಾಠಕ್ಕೆ ಹೊಸಬರೊಬ್ಬರು ಬಂದರು. ವಯಸ್ಸಿನಲ್ಲಿ ಸರ್‌ಗೆ ಮಗನಂತಿದ್ದರು. ಪಾಠ ಶುರುವಾದಾಗ ಬಾಗಿಲಲ್ಲಿ ಸರ್ ಕಾಣಿಸಿದರು. “ಒಳಗ ಬರ್ಲೇನ್ರಿ ಸರ್?” ಎಂದು ಕೇಳಿ, ಬಂದು ನಮ್ಮ ಬೆಂಚಿನ ತುದಿಯಲ್ಲಿ ಕೂತರು. ನಾವು ಎದ್ದು ನಿಂತುಬಿಟ್ಟೆವು.

“ಕುಂದ್ರಿ, ಕುಂದ್ರಿ. ಫೇಲ್ ಆದಾಂವ್ಗ ಯಾರರ ಎದ್ದು ನಿಂದರ್ತಾರೇನು?”

ಆ ವರ್ಷವೆಲ್ಲ ಹಾಗೇ ಕೂತರು. ಪಾಠ ಮುಗಿದ ಮೇಲೆ ನಮಗೆ ತಿಳಿಯದ್ದನ್ನು ಹೊರಗಿನ ಕಟ್ಟೆಯ ಮೇಲೆ ಬಿಡಿಸಿ ಹೇಳುತ್ತಿದ್ದರು. ಸಂಜೆ ಅದೇ ಅಂಗಡಿಗೆ ಹೋಗಿ ಕಂಪ್ಯೂಟರ್ ಕಲಿಯುತ್ತಿದ್ದರು. ಅವರ ಪಕ್ಕದಲ್ಲಿ ಕೂತು ಬರೆಯುವಾಗ, ನನಗೆ ದೊಡ್ಡ ಹೊಳೆಯ ದಂಡೆಯಲ್ಲಿ ಕೂತಂತೆ ಅನಿಸುತ್ತಿತ್ತು.

ಮರುವರ್ಷ ಪಾಸಾಗಿ ಮತ್ತೆ ಹಲಗೆಯ ಮುಂದೆ ನಿಂತರು. ನಾನು ಬಿ.ಎ. ಮುಗಿಸಿದೆ.

ಹೋದ ತಿಂಗಳು ಸರ್ ತೀರಿಕೊಂಡರು. ಮಣ್ಣಿಗೆ ಹೋದಾಗ ಇಂಟರ್ನೆಟ್ ಅಂಗಡಿಯವನೂ ಬಂದಿದ್ದ. ನನ್ನ ಕಡೆ ತಿರುಗಿದ.

“ಅಕ್ಕಾ, ನನ್ನ ಅಂಗಡ್ಯಾಗ ತಮ್ಮ ಪರೀಕ್ಷಾ ತಾವೇ ಬರ್ದವ್ರು ಇವರೊಬ್ರೇರಿ,” ಅಂದ. ಆಮೇಲೆ ಬಗ್ಗಿ ಒಂದು ಹಿಡಿ ಮಣ್ಣು ಹಾಕಿದ.